ಸಂಚಕಾರ ಕೊಡೋಕಿಂತ ಮುಂಚೆ ಜಾಗ ನೋಡಿ ಬರ್ರಿ: ನೂರು ವರ್ಷದ ಹಿಂದಿನ ಒಂದು ಬಾವಿ ಹೇಳುವ ಪಾಠ

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲು ಹಳಿಗೆ ಹತ್ತಿರ ಒಂದು ಬಾವಿ ಇದೆ. ಮಂದಿ ಅದನ್ನು ಕಾಂಗ್ರೆಸ್ ಬಾವಿ ಅನ್ನುತ್ತಾರೆ. ತೋಡಿದಾಗ ಅದಕ್ಕೆ ಇಟ್ಟ ಹೆಸರು ಪಂಪಾ ಸರೋವರ. ಅದಕ್ಕೆ ಆದ ಖರ್ಚು 4,370 ರೂಪಾಯಿ 3 ಆಣೆ ಎಂದು ಲೆಕ್ಕ ಉಳಿದಿದೆ. 1924ರಲ್ಲಿ ಅದು ಸಣ್ಣ ದುಡ್ಡಲ್ಲ.

ಎರಡು ದಿನದ ಕಾರ್ಯಕ್ರಮಕ್ಕೆ ಬಾವಿ ಯಾಕೆ ತೋಡಿದರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಇವತ್ತು ಜಮಖಂಡಿಯಲ್ಲೋ, ಮುಧೋಳದಲ್ಲೋ ಮದುವೆಗೆ ಮಂಗಲ ಕಾರ್ಯಾಲಯ ಹಿಡಿಯುವ ನಮಗೂ ಒಂದು ಮಾತು ಸಿಗುತ್ತದೆ. ಕಾರ್ಯಕ್ರಮ ಮಾಡುವವರು ಜಾಗಕ್ಕೆ ತಾವೇ ಹೋಗಿ, ನಿಂತು, ಅಡ್ಡಾಡಿ ನೋಡಬೇಕು. ಆಮೇಲೆ ಸಂಚಕಾರ ಕೊಡಬೇಕು. ಇದು ಹೊಸ ಬುದ್ಧಿಮಾತಲ್ಲ. ನಮ್ಮ ಕಡೆಯ ಇತಿಹಾಸದಲ್ಲೇ ಇರುವ ಪಾಠ.

ಗೋಪುರ ಹೋಯಿತು, ಬಾವಿ ಉಳಿಯಿತು

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅದರ ಹಿಂದಿನ ಅಧಿವೇಶನ 1923ರ ಡಿಸೆಂಬರ್‌ನಲ್ಲಿ ಕಾಕಿನಾಡದಲ್ಲಿ ಆಗಿತ್ತು. ಅಂದರೆ ಬೆಳಗಾವಿಯವರ ಕೈಯಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ವರ್ಷ.

ಸಿದ್ಧತೆಯ ಮುಂದಾಳು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಸ್ವಯಂಸೇವಕರ ಹೊಣೆ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್ ಅವರದು. ಟಿಳಕವಾಡಿಯ ಬಯಲಿನಲ್ಲಿ ಒಂದು ತಾತ್ಕಾಲಿಕ ಊರನ್ನೇ ಎಬ್ಬಿಸಿದರು. ಅದಕ್ಕೆ ವಿಜಯನಗರ ಎಂದು ಹೆಸರಿಟ್ಟರು. ಹಂಪಿಯ ವಿರೂಪಾಕ್ಷ ಗುಡಿಯ ಗೋಪುರದ ಮಾದರಿಯಲ್ಲಿ ಸುಮಾರು 70 ಅಡಿ ಎತ್ತರದ ಹೆಬ್ಬಾಗಿಲು ನಿಲ್ಲಿಸಿದರು. ಗಾಂಧೀಜಿ ಇಳಿದುಕೊಳ್ಳಲು ಬಿದಿರು, ಹುಲ್ಲು, ಖಾದಿಯ ಕುಟೀರ ಕಟ್ಟಿದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕೇಳಿದ್ದು, ಎಳೆಯ ಹುಡುಗಿ ಗಂಗೂಬಾಯಿ ಹಾನಗಲ್ ಹಾಡಿದ್ದು ಅಲ್ಲಿಯೇ. ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಸೇರಿದ್ದೂ ಅದೇ ಹೊತ್ತಿನಲ್ಲಿ.

ಈ ಸಂಗತಿಗಳು ಶಾಲೆಯ ಪುಸ್ತಕದಲ್ಲಿ ಬರುತ್ತವೆ. ಬಾವಿಯ ಸಂಗತಿ ಒಂದು ಸಾಲಿನಲ್ಲಿ ಮುಗಿದು ಹೋಗುತ್ತದೆ. ಕಾರ್ಯಕ್ರಮ ಮಾಡುವವರಿಗೆ ಅದೇ ಮುಖ್ಯ.

ನಕ್ಷೆ ಹಿಡಿದು ಕೂತರೆ ಟಿಳಕವಾಡಿ ಚೆನ್ನಾಗಿ ಕಾಣುತ್ತದೆ. ಬಯಲು ಇದೆ, ರೈಲು ಪಕ್ಕದಲ್ಲಿದೆ, ಊರು ದೂರವಿಲ್ಲ. ನಕ್ಷೆಯಲ್ಲಿ ಕಾಣದ್ದು ನೀರು. ದೇಶದ ನಾನಾ ಕಡೆಯಿಂದ ಬರುವ ಸಾವಿರಾರು ಮಂದಿಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಪಾಯಖಾನೆಗೆ ನೀರು ಎಲ್ಲಿಂದ? ಇದನ್ನು ಆ ನೆಲದ ಮೇಲೆ ನಿಂತವರು ಮಾತ್ರ ಕೇಳುತ್ತಾರೆ. ಬಾವಿ ಇದೆ ಎಂದರೆ ಯಾರೋ ಆ ಪ್ರಶ್ನೆ ಕೇಳಿದ್ದರು, ಉತ್ತರಕ್ಕೆ ದುಡ್ಡೂ ಹಾಕಿದರು ಎಂದೇ ಅರ್ಥ. ಗಾಂಧೀಜಿಯ ಕುಟೀರಕ್ಕೆ ಆದ ಖರ್ಚು 350 ರೂಪಾಯಿ ಎನ್ನುತ್ತಾರೆ. ಅದರ ಹನ್ನೆರಡು ಪಟ್ಟಿಗಿಂತ ಹೆಚ್ಚು ಬಾವಿಗೆ ಹೋಯಿತು. ಯಾವುದಕ್ಕೆ ಎಷ್ಟು ಬೆಲೆ ಎಂಬುದು ಅವರಿಗೆ ತಿಳಿದಿತ್ತು.

ನೈರ್ಮಲ್ಯದ ವಿಷಯವೂ ಹಾಗೆಯೇ. ಬೆಳಗಾವಿ ಸೀಮೆಯವರೇ ಆದ ಕಾಕಾ ಕಾಲೇಲ್ಕರ್ ಆ ಕೆಲಸಕ್ಕೆ ನಿಂತರು. ಮೇಲ್ಜಾತಿಯ ಹುಡುಗರೂ ಪೊರಕೆ ಹಿಡಿದು ಪಾಯಖಾನೆ ಸ್ವಚ್ಛ ಮಾಡಿದರು. ಅದರಲ್ಲಿ ಜಾತಿಯ ಕೊಳೆ ತೊಳೆಯುವ ಉದ್ದೇಶ ಇತ್ತು, ಸರಿ. ಆದರೆ ಅದಕ್ಕೂ ಮೊದಲು ಪಾಯಖಾನೆ ಎಲ್ಲಿರಬೇಕು, ಅಡುಗೆ ಮನೆಯಿಂದ ಎಷ್ಟು ದೂರ, ಇಳಿಜಾರು ಯಾವ ಕಡೆ ಎಂದು ನೋಡಿಕೊಳ್ಳಬೇಕಾಗುತ್ತದೆ. ಇಂಥ ಕೆಲಸ ಕಾಗದದ ಮೇಲೆ ಆಗುವುದಿಲ್ಲ.

ಅಧಿವೇಶನ ಮುಗಿಯಿತು. ಬಿದಿರು, ಬಟ್ಟೆ, ಗೋಪುರ ಎಲ್ಲ ಬಿಚ್ಚಿ ಹೋದವು. ನೂರು ವರ್ಷದ ಮೇಲೂ ಉಳಿದದ್ದು ಬಾವಿ. ಇವತ್ತಿನ ನಮ್ಮ ಕಾರ್ಯಕ್ರಮಗಳಲ್ಲಿ ಗೋಪುರಕ್ಕೆ ದುಡ್ಡು ಇದೆ, ಬಾವಿಯ ಯೋಚನೆ ಇಲ್ಲ.

ನಾಲ್ಕು ಊರು, ಬೇರೆ ಬೇರೆ ಆಳ್ವಿಕೆ

ನಮ್ಮ ಸೀಮೆಗೆ ಬರೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವತ್ತು ಬಾಗಲಕೋಟೆ ಜಿಲ್ಲೆಯಲ್ಲಿ ಅಕ್ಕಪಕ್ಕ ಇವೆ. 1948ಕ್ಕಿಂತ ಮೊದಲು ಹೀಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿತ್ತು, ಅದಕ್ಕೆ ಅಂಟಿಕೊಂಡ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದೇ ಸಂತೆಗೆ ಹೋಗುವ ಮಂದಿ ಮೂರ್ನಾಲ್ಕು ಆಳ್ವಿಕೆ ದಾಟಬೇಕಿತ್ತು.

ಆ ಕಾಲದಲ್ಲಿ ಸಭೆ ಮಾಡುವವರಿಗೆ "ಜಾಗ" ಎಂದರೆ ಬರೀ ಮೈದಾನ ಅಲ್ಲ. ಅದು ಯಾರ ಸೀಮೆ, ಅಪ್ಪಣೆ ಯಾರದು, ದಾರಿಯಲ್ಲಿ ಯಾರ ಚೌಕಿ ಬರುತ್ತದೆ, ಇದೆಲ್ಲ ಸೇರಿ ಜಾಗ.

ಇಂಥ ಹೊತ್ತಿನಲ್ಲಿ, 1937ರಲ್ಲಿ, ಜಮಖಂಡಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಬೆಳ್ಳಾವೆ ವೆಂಕಟನಾರಣಪ್ಪ. ಭೌತಶಾಸ್ತ್ರದ ಪ್ರಾಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಪತ್ರಿಕೆ ನಡೆಸಿದವರು, ಪಂಪಭಾರತದ ಸಂಪಾದನೆಯಲ್ಲಿ ದುಡಿದವರು. ಮೈಸೂರು ಸೀಮೆಯ ವಿದ್ವಾಂಸರು ಮರಾಠಿ ಅರಸರ ಆಳ್ವಿಕೆಯ ಕನ್ನಡ ಊರಿಗೆ ಬಂದು ಕನ್ನಡದ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ಸಣ್ಣ ಸಂಗತಿ ಅಲ್ಲ.

ಈಗ ಆಗಿನ ದಾರಿ ನೆನೆಸಿಕೊಳ್ಳಿ. ಜಮಖಂಡಿಗೆ ರೈಲು ಇರಲಿಲ್ಲ. ಬಾಗಲಕೋಟೆ-ಕುಡಚಿ ಮಾರ್ಗಕ್ಕಾಗಿ ಇವತ್ತಿಗೂ ನಮ್ಮ ಮಂದಿ ಕಾಯುತ್ತಿದ್ದಾರೆ. ರೈಲಿನಲ್ಲಿ ಬಂದವರು ಒಂದೋ ಮೀರಜ್-ಲೋಂಡಾ ಮಾರ್ಗದ ಕುಡಚಿಯಲ್ಲಿ ಇಳಿಯಬೇಕು, ಇಲ್ಲವೇ ಹೋಟಗಿ-ಗದಗ ಮಾರ್ಗದ ಬಾಗಲಕೋಟೆಯಲ್ಲಿ. ಕುಡಚಿಯಿಂದಾದರೆ ತೇರದಾಳ, ರಬಕವಿ, ಬನಹಟ್ಟಿ ದಾಟಿ ಬರಬೇಕು. ಬಾಗಲಕೋಟೆಯಿಂದಾದರೆ ನಡುವೆ ಘಟಪ್ರಭೆ ಇದೆ. ಎಷ್ಟು ಹೊತ್ತಿಗೆ ರೈಲು, ಅಲ್ಲಿಂದ ಯಾವ ಗಾಡಿ, ರಾತ್ರಿಯಾದರೆ ಎಲ್ಲಿ ವಸತಿ ಎಂದು ಗೊತ್ತಿಲ್ಲದೆ ಹೊರಗಿನವರನ್ನು ಕರೆಸಲು ಆಗುವುದಿಲ್ಲ. ಅಂಥ ಊರಿನಲ್ಲಿ ಸಮ್ಮೇಳನ ನಡೆಸುವವರು ಕಾಗದ ಬರೆದು ಕೂತರೆ ಆಗದು. ದಾರಿಯನ್ನು ತಾವೇ ತುಳಿದಿರಬೇಕು.

ಮುಂದೆ 1995ರಲ್ಲಿ ರನ್ನನ ನಾಡು ಮುಧೋಳದಲ್ಲಿ 64ನೇ ಸಮ್ಮೇಳನ ಆಯಿತು. ಅಧ್ಯಕ್ಷರು ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು. 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು. ಅಂದರೆ ದೊಡ್ಡ ಮಂದಿಯನ್ನು ಕರೆಸಿ, ಉಣಿಸಿ, ಕಳಿಸುವ ಕಸುಬು ನಮ್ಮ ಸೀಮೆಗೆ ಹೊಸದಲ್ಲ. ತಾಲ್ಲೂಕು ಊರುಗಳು ರಾಜ್ಯದ ಮಂದಿಯನ್ನು ತಾಳಿಕೊಂಡಿವೆ.

ತೇರಿನವರು, ಕಂಪನಿಯವರು ಕಲಿಸಿದ್ದು

ಓದು ಬರಹ ಬಾರದವರಿಗೂ ಈ ಕಸುಬು ಗೊತ್ತಿತ್ತು. ಜಾತ್ರೆ ನೋಡಿ. ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಾಗಲಿ, ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆಯಾಗಲಿ, ಜಾಗ ಯಾರೋ ಒಬ್ಬರು ಒಂದು ದಿನ ಗೊತ್ತು ಮಾಡಿದ್ದಲ್ಲ. ತಲೆಮಾರುಗಳ ಕಾಲ ಮಂದಿ ಸೇರಿ, ತಪ್ಪಾದಲ್ಲಿ ತಿದ್ದಿಕೊಂಡು ಪಕ್ಕಾ ಆದ ಜಾಗ. ಹಾಗಿದ್ದರೂ ತೇರು ಎಳೆಯುವ ಮೊದಲು ಹಿರಿಯರು ದಾರಿ ನೋಡುತ್ತಾರೆ. ತಗ್ಗು ಇದ್ದರೆ ಮುಚ್ಚಿಸುತ್ತಾರೆ. ಈಗ ಕರೆಂಟ್ ತಂತಿ ಅಡ್ಡ ಬಂದರೆ ತೆಗೆಸುತ್ತಾರೆ. ಪ್ರತಿ ವರ್ಷ ಅದೇ ದಾರಿ, ಪ್ರತಿ ವರ್ಷ ಮತ್ತೆ ನೋಡುತ್ತಾರೆ. ಹೋದ ವರ್ಷ ಚೆನ್ನಾಗಿದ್ದ ದಾರಿ ಈ ವರ್ಷವೂ ಹಾಗೆಯೇ ಇದೆ ಎಂದು ಯಾರೂ ನಂಬುವುದಿಲ್ಲ.

ಕಂಪನಿ ನಾಟಕದವರದು ಇನ್ನೊಂದು ಶಾಲೆ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾಗುವ ಮೊದಲು ಬೆಳೆದದ್ದು ಇದೇ ರಂಗದ ಗಾಳಿಯಲ್ಲಿ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಬಂದು ಬೀಡು ಬಿಡುತ್ತವೆ.

ಕಂಪನಿಗೆ ಕ್ಯಾಂಪ್ ಎಂದರೆ ಹೊಟ್ಟೆಯ ಪ್ರಶ್ನೆ. ಹತ್ತಾರು ಕಲಾವಿದರು, ಪರದೆ, ತಗಡು, ಗಳ, ಕುರ್ಚಿ ಎಲ್ಲ ಲಾರಿಯಲ್ಲಿ ಹೇರಿ ಇನ್ನೊಂದು ಊರಿಗೆ ಹೋದ ಮೇಲೆ ಜಾಗ ಸರಿ ಇಲ್ಲ ಎಂದರೆ ಇಡೀ ಸಂಸಾರ ಮುಳುಗಿತು. ಹಾಗಾಗಿ ಕಂಪನಿಯ ಮಂದಿ ಮೊದಲು ಹೋಗಿ ನೋಡಿ ಬರುತ್ತಿದ್ದರು. ಬಸ್ ನಿಲ್ದಾಣದಿಂದ ಎಷ್ಟು ದೂರ? ರಾತ್ರಿ ಆಟ ಬಿಟ್ಟ ಮೇಲೆ ಹೆಣ್ಣುಮಕ್ಕಳು ನಡೆದು ಮನೆ ಸೇರುವ ದಾರಿಯಲ್ಲಿ ಬೆಳಕು ಇದೆಯೇ? ಮಳೆ ಬಂದರೆ ನೀರು ಎತ್ತ ಹೋಗುತ್ತದೆ? ಗಾಳಿ ಯಾವ ಕಡೆಯಿಂದ? ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದ್ದರೆ ಮಾತು ಕೇಳಿಸುತ್ತದೆಯೇ? ಇವು ಇವತ್ತು ಮದುವೆ ಮಾಡುವವರೂ ಕೇಳಬೇಕಾದ ಪ್ರಶ್ನೆಗಳು.

ಬೇಸಿಗೆಯಲ್ಲಿ ಬಯಲು, ಮಳೆಗಾಲದಲ್ಲಿ ಹೊಳೆ

ನಮ್ಮ ನಾಲ್ಕು ಊರಿನಲ್ಲಿ ಜಾಗ ನೋಡುವವರು ಒಂದು ಸಂಗತಿಯನ್ನು ಹೊರಗಿನವರಿಗಿಂತ ಹೆಚ್ಚು ನೆನಪಿಡಬೇಕು. ನಾವು ಎರಡು ನದಿಗಳ ನಡುವಿನ ಮಂದಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಬೀಳಗಿ ಕಡೆ ಹೋದರೆ ಆಲಮಟ್ಟಿಯ ಹಿನ್ನೀರು.

ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. ಮಳೆಗಾಲ ಬಂತೆಂದರೆ ಹಿನ್ನೀರು ಏರುತ್ತದೆ, ಬೇಸಿಗೆಗೆ ಹಿಂದೆ ಸರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದಂಡೆಯಲ್ಲಿ ನಿಂತರೆ ಕಣ್ಣು ಹಾಯುವಷ್ಟು ಸಮತಟ್ಟಾದ ಬಯಲು. ಫೋಟೋ ತೆಗೆದರೆ ಇದಕ್ಕಿಂತ ಚಂದದ ಜಾಗ ಇಲ್ಲ ಅನಿಸುತ್ತದೆ. ಅದೇ ಜಾಗ ಆಗಸ್ಟ್‌ನಲ್ಲಿ ನೀರಿನ ಕೆಳಗೆ ಇರಬಹುದು. ಬೀಳಗಿ ತಾಲ್ಲೂಕಿನ ಕೊರ್ತಿಯಿಂದ ಕೊಲ್ಹಾರಕ್ಕೆ ಹೋಗುವ ಉದ್ದನೆಯ ಸೇತುವೆ ಮೇಲೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಹೋಗಿ ನೋಡಿ. ಎರಡು ಬೇರೆ ದೇಶ ಅನಿಸುತ್ತದೆ.

ನಮ್ಮಲ್ಲಿ ಪ್ರವಾಹ ಬರಲು ನಮ್ಮಲ್ಲೇ ಮಳೆ ಆಗಬೇಕೆಂದೇನೂ ಇಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದು ಕೊಯ್ನಾದಿಂದ ನೀರು ಬಿಟ್ಟರೆ ಕೃಷ್ಣೆ ಕುಡಚಿ ದಾಟಿ ಜಮಖಂಡಿ ಸೀಮೆಗೆ ಬರುತ್ತಾಳೆ. ಹಿಡಕಲ್‌ನಿಂದ ಬಿಟ್ಟರೆ ಘಟಪ್ರಭೆ ಮುಧೋಳದ ಕಡೆ ಉಕ್ಕುತ್ತಾಳೆ. ತಲೆ ಮೇಲೆ ಬಿಸಿಲು, ಕಾಲ ಕೆಳಗೆ ಹೊಳೆ. 2019ರ ಆಗಸ್ಟ್‌ನಲ್ಲಿ ಹೀಗೇ ಆಯಿತು. ಎರಡೂ ನದಿ ದಂಡೆಯ ಊರುಗಳು ಮುಳುಗಿದವು, ಮುಧೋಳ-ಯಾದವಾಡ ಸೇತುವೆ ನೀರಿನ ಕೆಳಗೆ ಹೋಯಿತು. ಜಾಗ ಒಣಗಿದ್ದರೂ ಅಲ್ಲಿಗೆ ಹೋಗುವ ಸೇತುವೆ ಮುಳುಗಿದರೆ ಬೀಗರು ಹೊಳೆ ಆಚೆ, ಅಕ್ಕಿಕಾಳು ಹೊಳೆ ಈಚೆ.

ಹಾಗಾಗಿ ಜಾಗ ನೋಡುವುದು ಎಂದರೆ ಇವತ್ತಿನ ನೆಲ ನೋಡುವುದಷ್ಟೇ ಅಲ್ಲ. ಆ ದಿನದ ನೆಲ ಹೇಗಿರುತ್ತದೆ ಎಂದು ತಿಳಿಯುವುದು. ಅದಕ್ಕೆ ದಾರಿ ಒಂದೇ. ಅಲ್ಲಿಗೆ ಹೋಗಿ ಆ ಊರಿನ ಹಿರಿಯರನ್ನು ಕೇಳಬೇಕು: "ಯಪ್ಪಾ, 2019ರಾಗ ನೀರು ಎಲ್ಲೀ ಮಟಾ ಬಂದಿತ್ತು?" ಅವರು ಗೋಡೆ ಮೇಲಿನ ಗುರುತು ತೋರಿಸುತ್ತಾರೆ. ಆ ಗುರುತು ಯಾವ ಫೋಟೋದಲ್ಲೂ ಇರುವುದಿಲ್ಲ.

ಬಾಗಿಲು ಎಣಿಸದೆ ಹೋದ ಜೀವಗಳು

ನೀರು, ದಾರಿ ತಪ್ಪಿದರೆ ದುಡ್ಡು ಹೋಗುತ್ತದೆ, ಮಾನ ಹೋಗುತ್ತದೆ. ಬಾಗಿಲು ತಪ್ಪಿದರೆ ಜೀವ ಹೋಗುತ್ತದೆ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಒಂದು ಶಾಲೆಯ ಸಮಾರಂಭ ಮದುವೆ ಮಂಟಪದ ಆವರಣದಲ್ಲಿ ನಡೆದಿತ್ತು. ಪೆಂಡಾಲಿಗೆ ಬೆಂಕಿ ಹತ್ತಿತು. ಸಿಂಥೆಟಿಕ್ ಬಟ್ಟೆ ಕರಗಿ ಮಂದಿಯ ಮೇಲೆ ಬಿತ್ತು. ಹೊರಗೆ ಬರುವ ದಾರಿ ಇಕ್ಕಟ್ಟು. 400ಕ್ಕೂ ಹೆಚ್ಚು ಮಂದಿ ಸತ್ತರು. ಬಹುಮಾನ ತಗೊಳ್ಳಲು ಬಂದ ಮಕ್ಕಳು, ಅದನ್ನು ನೋಡಲು ಬಂದ ತಾಯಂದಿರು.

ಬೆಂಕಿ ಇಲ್ಲದೆಯೂ ಹೀಗಾಗುತ್ತದೆ. 2024ರ ಜುಲೈ 2ರಂದು ಉತ್ತರ ಪ್ರದೇಶದ ಹಾಥರಸ್‌ನಲ್ಲಿ ಸತ್ಸಂಗಕ್ಕೆ 80 ಸಾವಿರ ಮಂದಿಗೆ ಅನುಮತಿ ಇತ್ತು. ಬಂದವರು ಎರಡೂವರೆ ಲಕ್ಷಕ್ಕೂ ಹೆಚ್ಚು ಎಂದು ಪೊಲೀಸರು ದಾಖಲಿಸಿದರು. ಹೆದ್ದಾರಿ ಪಕ್ಕದ ಇಳಿಜಾರು, ಕೆಸರು, ನೂಕುನುಗ್ಗಲು. 121 ಮಂದಿ ಹೋದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಮಂದಿ ಸತ್ತದ್ದು ಎಲ್ಲರಿಗೂ ನೆನಪಿದೆ. ಸುಮಾರು 35 ಸಾವಿರ ಮಂದಿ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಮಂದಿ ಬಂದಿದ್ದರು.

"ಅವು ದೊಡ್ಡ ಊರಿನ ದೊಡ್ಡ ಕಾರ್ಯಕ್ರಮ, ನಮ್ಮದು ಸಣ್ಣ ಮದುವೆ" ಎನ್ನಬೇಡಿ. ಡಬವಾಲಿಯೂ ತಾಲ್ಲೂಕು ಮಟ್ಟದ ಊರೇ. ನೀವೇ ಲೆಕ್ಕ ಹಾಕಿ. ಒಂದು ಸಾಮಾನ್ಯ ಬಾಗಿಲಿನಿಂದ ನಿಮಿಷಕ್ಕೆ 60 ಮಂದಿ ಹೊರಗೆ ಬರುತ್ತಾರೆ ಎಂದು ಇಟ್ಟುಕೊಳ್ಳೋಣ. ಒಳಗೆ 900 ಮಂದಿ ಇದ್ದು ಬಾಗಿಲು ಒಂದೇ ಇದ್ದರೆ 15 ನಿಮಿಷ ಬೇಕು. ಅದೂ ಎಲ್ಲರೂ ಶಾಂತವಾಗಿ ಸಾಲಿನಲ್ಲಿ ಬಂದರೆ. ಬಟ್ಟೆಯ ಪೆಂಡಾಲಿಗೆ ಹತ್ತಿದ ಬೆಂಕಿ 15 ನಿಮಿಷ ಕಾಯುವುದಿಲ್ಲ.

ಬಾಗಿಲು ಇದೆ ಎನ್ನುವುದೂ ಸಾಲದು. ಸುದ್ದಿಗೆಂದು ತಿರುಗಾಡುವಾಗ ನಮ್ಮ ಕಡೆ ಪದೇ ಪದೇ ಕಾಣುವ ಚಿತ್ರ ಇದು: ಹಿಂಬಾಗಿಲು ಇರುತ್ತದೆ, ಅದಕ್ಕೆ ಬೀಗ ಇರುತ್ತದೆ. ಬೀಗ ತೆಗೆದರೆ ಹೊರಗೆ ಅಡುಗೆಯವರ ಗ್ಯಾಸ್ ಸಿಲಿಂಡರ್ ಸಾಲು ಇರುತ್ತದೆ. ಫೋನಿನಲ್ಲಿ ಕೇಳಿದರೆ ಮಾಲೀಕರು "ಎರಡು ಬಾಗಿಲ ಅದಾವ್ರಿ" ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಎರಡನೇ ಬಾಗಿಲು ತೆರೆಯುತ್ತದೆಯೇ ಎಂದು ಕೈಯಿಂದ ತಳ್ಳಿ ನೋಡಿದವರಿಗೆ ಮಾತ್ರ ನಿಜ ಗೊತ್ತು.

ಫೋನು ತೋರಿಸದ ಮೂಲೆ

ಈಗ ಜಾಗ ಹಿಡಿಯುವ ರೀತಿ ಬದಲಾಗಿದೆ. ಹುಡುಗ ಪುಣೆಯಲ್ಲಿ, ಹುಡುಗಿಯ ಅಣ್ಣ ಬೆಂಗಳೂರಿನಲ್ಲಿ, ಅಪ್ಪ ಕಬ್ಬಿನ ಗದ್ದೆಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಹತ್ತು ಫೋಟೋ ಬರುತ್ತವೆ, ಫೋನ್‌ಪೇಯಲ್ಲಿ ಸಂಚಕಾರ ಹೋಗುತ್ತದೆ. ಐದು ನಿಮಿಷದ ಕೆಲಸ. ಮದುವೆ ದಿನಗಳು ಕಡಿಮೆ, ಬೇರೆಯವರು ಹಿಡಿದುಬಿಟ್ಟಾರು ಎಂಬ ಅವಸರವೂ ಇರುತ್ತದೆ. ಆ ಅವಸರದಲ್ಲಿ ತಪ್ಪೇನೂ ಇಲ್ಲ. ಆದರೆ ಫೋಟೋ ತೆಗೆದವರು ಖಾಲಿ ಹಾಲ್‌ನಲ್ಲಿ, ಹಗಲಿನಲ್ಲಿ, ಚಂದದ ಮೂಲೆಯಲ್ಲಿ ನಿಂತು ತೆಗೆದಿರುತ್ತಾರೆ. ಸಾವಿರ ಮಂದಿ ತುಂಬಿದಾಗ, ಕರೆಂಟ್ ಹೋದಾಗ, ಮಳೆ ಬಂದಾಗ ಅದೇ ಹಾಲ್ ಹೇಗಿರುತ್ತದೆ ಎಂಬ ಫೋಟೋ ಯಾರೂ ಕಳಿಸುವುದಿಲ್ಲ.

ನಮ್ಮ ಕಡೆ ಮದುವೆ ಎಂದರೆ ಬಹಳ ಮಂದಿಗೆ ಸಾಲ. ನೇಕಾರರ ಮನೆಯಲ್ಲಿ ಮಗ್ಗದ ದುಡಿಮೆಯಿಂದ, ರೈತರ ಮನೆಯಲ್ಲಿ ಕಬ್ಬಿನ ಬಿಲ್ಲಿನ ಭರವಸೆಯಿಂದ ಸಾಲ ತರುತ್ತಾರೆ. ಆ ದಿನ ನೀರು ಸಾಲದೆ ಮೂರು ಟ್ಯಾಂಕರ್ ಹೆಚ್ಚಿಗೆ ತರಿಸಿದರೆ, ಬಾಡಿಗೆ ಜನರೇಟರ್ ಓಡಿಸಿದರೆ, ಊಟ ಕೆಟ್ಟು ಮತ್ತೆ ಮಾಡಿಸಿದರೆ ಆ ಖರ್ಚೂ ಸಾಲದ ಮೇಲೆಯೇ ಕೂಡುತ್ತದೆ. ಒಂದು ದಿನ ಮೋಟರ್‌ಸೈಕಲ್ ಮೇಲೆ ಹೋಗಿ ನೋಡಿ ಬರುವ ಪೆಟ್ರೋಲ್ ಇದರ ಮುಂದೆ ಏನೂ ಅಲ್ಲ.

ಹೋದಾಗ ಏನು ನೋಡಬೇಕು?

ನೀರು: ಬೋರ್‌ವೆಲ್ ಇದೆ ಎಂದರೆ ಸಾಲದು. ಮೋಟರ್ ಹಚ್ಚಿಸಿ ನೋಡಿ. ಒಬ್ಬರಿಗೆ ಕುಡಿಯಲು, ಕೈ ತೊಳೆಯಲು, ಪಾತ್ರೆಗೆ ಸೇರಿ 10 ಲೀಟರ್ ಹಿಡಿದರೂ ಸಾವಿರ ಮಂದಿಗೆ 10,000 ಲೀಟರ್ ಬೇಕು. 5,000 ಲೀಟರಿನ ಎರಡು ಟ್ಯಾಂಕರ್. ಮೇ ತಿಂಗಳಲ್ಲಿ ಮದುವೆ ಇದ್ದರೆ ಡಿಸೆಂಬರ್‌ನ ಬೋರ್‌ವೆಲ್ ನಂಬಬೇಡಿ.

ನೆಲ: ಎರೆ ಭೂಮಿಯೋ ಮಸಾರಿಯೋ ನೋಡಿ. ಎರೆಯಲ್ಲಿ ಒಂದು ಅಡ್ಡಮಳೆ ಬಿದ್ದರೆ ಗೂಟ ಸಡಿಲಾಗುತ್ತದೆ, ಗಾಡಿ ಹೂತು ಹೋಗುತ್ತದೆ. ಬೇಸಿಗೆಯ ಬಿರುಗಾಳಿಗೆ ಹಂದರದ ತಗಡು ಹಾರಿದರೆ ಅದು ಕತ್ತಿ ಇದ್ದ ಹಾಗೆ.

ದಾರಿ: ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆ ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ. ಮುಧೋಳ, ಜಮಖಂಡಿ ಕಡೆ ಇದು ಎಲ್ಲರಿಗೂ ಗೊತ್ತು. ಹೊರಗಿನ ಬೀಗರಿಗೆ ಗೊತ್ತಿಲ್ಲ. ಮುಹೂರ್ತದ ಹೊತ್ತಿಗೇ ಆ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಆಂಬ್ಯುಲೆನ್ಸ್ ಒಳಗೆ ಬಂದು ತಿರುಗಿ ಹೋಗುವಷ್ಟು ಜಾಗ ಇದೆಯೇ ಎಂದೂ ನೋಡಿ.

ಬಾಗಿಲು: ಎಲ್ಲ ಬಾಗಿಲು ಎಣಿಸಿ, ಎಲ್ಲವನ್ನೂ ತೆರೆದು ನೋಡಿ. ಹೊರಗಡೆ ತೆರೆಯುತ್ತವೆಯೋ ಒಳಗಡೆಯೋ? ಮಂದಿ ನುಗ್ಗಿದಾಗ ಒಳಗಡೆ ತೆರೆಯುವ ಬಾಗಿಲು ಗೋಡೆಯಾಗುತ್ತದೆ.

ಕರೆಂಟ್, ಒಲೆ: ಮೇನ್ ಸ್ವಿಚ್ ಎಲ್ಲಿದೆ? ಜೋಡಿಸಿದ ತಂತಿ ಬಟ್ಟೆಗೆ ತಾಗುತ್ತದೆಯೇ? ಅಡುಗೆ ಜಾಗ ಮಂದಿ ಕೂಡುವ ಜಾಗದಿಂದ ದೂರ ಇದೆಯೇ? ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಅದರ ಮೇಲಿನ ತಾರೀಖು ಓದಿ.

ಪಾಯಖಾನೆ: ಇದನ್ನು ಗಂಡಸರು ನೋಡುವುದೇ ಇಲ್ಲ. ಮನೆಯ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳಿಗೆ ಎಷ್ಟು, ಬಾಗಿಲಿಗೆ ಚಿಲಕ ಇದೆಯೇ, ಬೆಳಕು ಇದೆಯೇ, ಮುದುಕರು ಮೆಟ್ಟಿಲು ಹತ್ತಬೇಕೇ ಎಂದು ಅವರೇ ಹೇಳುತ್ತಾರೆ.

ಒಬ್ಬರೇ ಹೋಗಬೇಡಿ. ಅಡುಗೆಯವರು, ಲೈಟಿನವರು, ಮನೆಯ ಹೆಣ್ಣುಮಗಳು, ಒಬ್ಬ ಹಿರಿಯರು. ನಾಲ್ಕು ಮಂದಿ ನಾಲ್ಕು ಬೇರೆ ತೊಂದರೆ ಕಾಣುತ್ತಾರೆ. ಸಾಧ್ಯವಾದರೆ ಎರಡು ಸಲ ಹೋಗಿ, ಒಮ್ಮೆ ಹಗಲು, ಒಮ್ಮೆ ಅಲ್ಲಿ ಬೇರೆಯವರ ಕಾರ್ಯಕ್ರಮ ನಡೆದಾಗ. ಮಂದಿ ತುಂಬಿದ ಹಾಲ್ ತಾನೇ ಎಲ್ಲ ಹೇಳುತ್ತದೆ.

ದೂರದ ಊರಿನಲ್ಲಿ ಇರುವವರು ಏನು ಮಾಡಬೇಕು? ನಂಬಿಕೆಯ ಒಬ್ಬರನ್ನು ಕಳಿಸಿ. ವಿಡಿಯೋ ಕಾಲ್ ಮಾಡಿಸುವುದಾದರೆ ಹಾಲ್ ಒಳಗಿನಿಂದ ಬೇಡ, ಮುಖ್ಯ ರಸ್ತೆಯಿಂದ ಶುರು ಮಾಡಿಸಿ. ರಸ್ತೆ, ಗೇಟು, ಗಾಡಿ ನಿಲ್ಲಿಸುವ ಜಾಗ, ಹಿಂಬಾಗಿಲು, ಅಡುಗೆ ಮನೆ, ಪಾಯಖಾನೆ, ನೀರಿನ ಟಾಕಿ. ಹಾಲ್ ಕೊನೆಗೆ. ಮಾತಾದದ್ದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ: ಎಷ್ಟು ನೀರು, ಜನರೇಟರ್ ಯಾರದು, ಹಿಂಬಾಗಿಲಿನ ಬೀಗ ಆ ದಿನ ತೆಗೆದಿರುತ್ತದೆ ಎಂದು.

ಇದರಲ್ಲಿ ಕಾರ್ಯಾಲಯ ನಡೆಸುವವರಿಗೂ ಲಾಭ ಇದೆ. ಮೊದಲೇ ನೋಡಿ ಹೋದವರು ಆ ದಿನ ಜಗಳ ತೆಗೆಯುವುದಿಲ್ಲ. ಹತ್ತು ಮಂದಿ ಬಂದು ಹಿಂಬಾಗಿಲು ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಬೀಗ ತಾನೇ ಬಿಟ್ಟಿರುತ್ತದೆ. ಯಾರೂ ಕೇಳದಿದ್ದರೆ ಯಾರೂ ಸರಿಪಡಿಸುವುದಿಲ್ಲ.

1924ರಲ್ಲಿ ಟಿಳಕವಾಡಿಗೆ ಬಂದವರಲ್ಲಿ ಬಹಳ ಮಂದಿ ಗೋಪುರ ನೋಡಿ ಬೆರಗಾಗಿರಬೇಕು, ಊರಿಗೆ ಹೋಗಿ ಅದನ್ನೇ ಹೇಳಿರಬೇಕು. ಬಾವಿಯ ಬಗ್ಗೆ ಯಾರೂ ಹೇಳಿರಲಿಕ್ಕಿಲ್ಲ. ನೀರು ಸಾಕಷ್ಟಿದ್ದಾಗ ಅದರ ಮಾತೇ ಬರುವುದಿಲ್ಲ. ಚೆನ್ನಾಗಿ ಆದ ಕಾರ್ಯಕ್ರಮದ ಗುರುತು ಅದೇ. ಈ ಸಲ ನಿಮ್ಮ ಮನೆಯ ಮದುವೆಗೋ, ಊರ ಜಾತ್ರೆಯ ನಾಟಕಕ್ಕೋ, ಸಂಘದ ಸಭೆಗೋ ಜಾಗ ಗೊತ್ತು ಮಾಡುವಾಗ ಫೋನು ಕಿಸೆಗೆ ಹಾಕಿ, ಗಾಡಿ ತೆಗೆಯಿರಿ. ಹೋಗಿ ಹಿಂಬಾಗಿಲು ತಳ್ಳಿ ನೋಡಿ. ತೆರೆದರೆ ಸಂಚಕಾರ ಕೊಡಿ.